ಸಕ್ಕರೆ ಮೂಟೆ ಬಿದ್ದ ಕಾಲು

ನನ್ನ ಎಡಗಾಲಿನ ಮೇಲೆ ಒಂದು ಕ್ವಿಂಟಾಲಿನ ಸಕ್ಕರೆ ಮೂಟೆ ಬಿತ್ತು.

ಈ ಮಾತನ್ನು ಕಡೂರಿನಲ್ಲಿ ಈವರೆಗೆ ನಲವತ್ತಮೂರು ಜನಕ್ಕೆ ಹೇಳಿದ್ದೇನೆ. ಅಂದಾಜಲ್ಲ, ಡೈರಿಯಲ್ಲಿ ಗೀಟು ಹಾಕಿ ಇಟ್ಟ ಲೆಕ್ಕ. ಇದೇ ಅಂಕಣದಲ್ಲಿ ನಿಮಗೂ ಒಮ್ಮೆ ಹೇಳಿದ್ದೆ. ಕ್ಷಮಿಸಿ. ಮೂಟೆ ಬೀಳಲಿಲ್ಲ. ಅಲ್ಲಿ ಮೂಟೆಯೇ ಇರಲಿಲ್ಲ. ಬಿದ್ದದ್ದು ಗುಂಡು.

1987ರಲ್ಲಿ ನಮ್ಮ ಸೈನ್ಯ ಶಾಂತಿ ಕಾಯಲು ಶ್ರೀಲಂಕಾಕ್ಕೆ ಹೋಯಿತಲ್ಲ, ಅದರಲ್ಲಿ ನಾವು ಮೂವರಿದ್ದೆವು. ಕಡೂರಿನ ನಾನು, ತರೀಕೆರೆಯ ಓಂಕಾರ, ಅಜ್ಜಂಪುರದ ರುದ್ರೇಶ. ಮೂವರಿಗೂ ಇಪ್ಪತ್ತೆರಡರ ಆಸುಪಾಸು. ಒಂದೇ ಟೆಂಟು, ಮೂವರಿಗೂ ಸೇರಿ ಒಂದೇ ಕನ್ನಡಿ. (ಶಾಂತಿ ಕಾಯುವವರ ಮೇಲೆ ಇಷ್ಟೊಂದು ಗುಂಡು ಯಾಕೆ ಹಾರುತ್ತವೆ ಎಂದು ಓಂಕಾರ ನಮ್ಮ ಹವಾಲ್ದಾರರನ್ನು ಕೇಳಿದ. ಉತ್ತರ ಸಿಗಲಿಲ್ಲ, ಮೂರು ದಿನ ಕಕ್ಕಸು ಗುಂಡಿ ತೋಡುವ ಡ್ಯೂಟಿ ಸಿಕ್ಕಿತು.)

ಹಡಗು ಹತ್ತುವ ಮೊದಲೇ ರುದ್ರೇಶ ನಮ್ಮಿಬ್ಬರ ಕೈ ಹಿಡಿದುಕೊಂಡ.

"ನಮ್ಮಮ್ಮಂಗೆ ಮಾತ್ರ ಗೊತ್ತಾಗ್ಬಾರ್ದು ಕಣ್ರೋ. ನಾನು ಕಾಶ್ಮೀರದಾಗಿದ್ದಾಗ ಹರಕೆ ಕಟ್ಕಂಡು ಒಪ್ಪತ್ತು ಮಾಡಿದ್ಲು. ಬಾವಿ ಕಟ್ಟೆ ಹತ್ರ ತಲೆ ಸುತ್ತಿ ಬಿದ್ಬಿಟ್ಲು. ಇನ್ನೊಂದು ಸಲ ಆದ್ರೆ ಉಳಿಯಲ್ಲ ಅಂದವ್ರೆ ಡಾಕ್ಟ್ರು."

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಊಟ. ಮಗ ಮನೆ ಮೆಟ್ಟಿಲು ಹತ್ತುವವರೆಗೆ ರಾತ್ರಿಯ ಮುದ್ದೆ ಬಂದ್.

ಮೂವರೂ ಕೂತು ತೀರ್ಮಾನಿಸಿದೆವು. ಮನೆಯವರ ಪಾಲಿಗೆ ನಾವಿರುವುದು ಮದ್ರಾಸಿನಲ್ಲಿ. ಕೆಲಸ ರೇಷನ್ ಸ್ಟೋರಿನಲ್ಲಿ. ಸೈನ್ಯದ ಅಂಚೆ ವಿಳಾಸದಲ್ಲಿ ಊರಿನ ಹೆಸರೇ ಇರುವುದಿಲ್ಲವಾದ್ದರಿಂದ ಸುಳ್ಳು ಸಲೀಸಾಗಿ ಸಾಗಿತು. ಯುಗಾದಿಯವರೆಗೆ.

ಯುಗಾದಿಯಾದ ಮೇಲೆ ನಮ್ಮಪ್ಪನೂ ಓಂಕಾರನ ಅಪ್ಪನೂ ಬೀರೂರು ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕಿ, ನಮ್ಮ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದಿದ್ದಾರೆ. ಅಪ್ಪನ ಉತ್ತರ ಬಂತು: "ಹಬ್ಬದ ದಿನ ನೀನೂ ಓಂಕಾರನೂ ಬೀಚಿನಲ್ಲಿ ಕಡ್ಲೆಕಾಯಿ ತಿಂದಿರಿ ಎಂದು ನೀನು ಬರೆದಿದ್ದೀಯ. ಆ ದಿನ ಓಂಕಾರನಿಗೆ ವಿಪರೀತ ಜ್ವರ, ನೀನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆ ಎಂದು ಅವನು ಬರೆದಿದ್ದಾನೆ. ಬಟ್ಟೆ ಅದ್ದಿದ್ದು ಸಮುದ್ರದಲ್ಲೇನಪ್ಪಾ?" ಕಾಗದದ ಮೂಲೆಯಲ್ಲಿ ಎಂದಿನ ಸಾಲು: "ನಿಮ್ಮವ್ವನ ಹಲ್ಲುನೋವು ಇನ್ನೂ ಹೋಗಿಲ್ಲ. ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿಲ್ಲ."

ಅಂದೇ ನಾನು ಒಂದು ನೋಟ್‌ಬುಕ್ ತೆರೆದೆ. ನಂಬರು, ತಾರೀಕು, ಯಾರು, ಯಾರಿಗೆ, ಯಾವ ಸುಳ್ಳು. ನನ್ನ ಬುಕ್ ನೋಡದೆ ಯಾರೂ ಊರಿಗೆ ಕಾಗದ ಹಾಕುವಂತಿಲ್ಲ. ನಗಬೇಡಿ. ನಿಜಕ್ಕೆ ನೆನಪು ಸಾಕು, ಸುಳ್ಳಿಗೆ ದಾಖಲೆ ಬೇಕು.

ಮೇ ತಿಂಗಳಲ್ಲಿ ಗುಂಡು ನನ್ನ ಮೀನಖಂಡದಲ್ಲಿ ಈ ಕಡೆ ಹೊಕ್ಕು ಆ ಕಡೆ ಹೊರಟಿತು. ಸ್ಟೋರಿನಲ್ಲಿರುವವನಿಗೆ ಗುಂಡು ತಾಗುವುದು ಹೇಗೆ? ಓಂಕಾರ ಯೋಚಿಸಿ ಹೇಳಿದ, "ಮೂಟೆ ಬಿತ್ತು ಅಂತ ಬರಿ. ಅಕ್ಕಿ ಬ್ಯಾಡ, ಸಕ್ರೆ ಬರಿ. ಕೇಳಕ್ಕೆ ಚಂದಾಗಿರ್ತೈತೆ." ನಂಬರ್ ಮೂವತ್ತೊಂದು.

ನನ್ನನ್ನು ಊರಿಗೆ ಕಳಿಸುವಾಗ ರುದ್ರೇಶ ಒಂದೇ ಮಾತು ಹೇಳಿದ. "ಅಮ್ಮ ಎರಡೊತ್ತು ಉಣ್ತಾಳಾ ನೋಡ್ಕಂಡು ಕಾಗ್ದ ಹಾಕು. ಎಣಿಸೋದನ್ನ ನಿನಗೆ ಹೇಳ್ಕೊಡ್ಬೇಕೇನೋ?"

1988, ಜುಲೈ 9, ಶನಿವಾರ. ಕೋಲೂರಿಕೊಂಡು ಅಜ್ಜಂಪುರದಲ್ಲಿ ಇಳಿದೆ. ರುದ್ರೇಶನ ತಾಯಿ ಗಂಗಮ್ಮ ಕಡ್ಡಿಯಂತೆ ಸಣ್ಣಗಿದ್ದರು. ಹಣೆ ತುಂಬ ವಿಭೂತಿ. ಕೂರಿಸಿ ವಿಚಾರಣೆ ಶುರು ಮಾಡಿದರು.

"ರುದ್ರ ಏನ್ ಕೆಲ್ಸ ಮಾಡ್ತಾನಪ್ಪಾ ಅಲ್ಲಿ?"

"ಮೂಟೆ ಎಣಿಸ್ತಾನೆ, ಅಮ್ಮಾ."

"ಆ ತರೀಕೆರೆ ಹುಡ್ಗ?"

ಅದು ನೆನಪಿಗೆ ಬರಲಿಲ್ಲ. ತೆಂಗಿನ ಮರ ನೋಡಿ ಬರುತ್ತೇನೆಂದು ಹಿತ್ತಲಿಗೆ ಹೋಗಿ ಬುಕ್ ತೆಗೆದೆ. ನಂಬರ್ ಹದಿನಾಲ್ಕು. ವಾಪಸ್ ಬಂದು ಹೇಳಿದೆ, "ಚೀಟಿ ಬರೀತಾನೆ."

"ನೀನು?"

ಮತ್ತೊಮ್ಮೆ ತೆಂಗಿನ ಮರ. "ಬೀಗ ಹಾಕ್ತೀನಿ, ಅಮ್ಮಾ."

"ಮೂರು ಜನಾನೂ ಸ್ಟೋರಲ್ಲೇ. ಮತ್ತೆ ಬಂದೂಕ ಹಿಡಿಯೋರ್ ಯಾರು?"

"ಪಂಜಾಬಿನೋರು" ಎಂದೆ. (ಬುಕ್ಕಿನಲ್ಲಿಲ್ಲದ ಸುಳ್ಳು. ಸ್ಥಳದಲ್ಲೇ ಹುಟ್ಟಿದ್ದು.)

"ಪಾಪ! ಅವ್ರೂ ಅವ್ರ ತಾಯಂದಿರಿಗೆ ಸ್ಟೋರು ಅಂತ್ಲೇ ಬರೀತಿರ್ಬೇಕು" ಎಂದರು ಗಂಗಮ್ಮ.

ಆಮೇಲೆ ನನ್ನ ಪಂಚೆಯ ಅಂಚು ಎತ್ತಿ ಕಾಲು ನೋಡಿದರು. ತಿರುಗಿಸಿ ಹಿಂದಿನಿಂದಲೂ ನೋಡಿದರು.

"ಮೂಟೆ ಬಿತ್ತು ಅಂತ ರುದ್ರ ಬರ್ದಿದ್ದ. ಮೂಟೆ ಬಿದ್ರೆ ಕಾಲು ಅಪ್ಪಚ್ಚಿ ಆಗ್ಬೇಕು. ಇದು ತೂತಾಗೈತೆ. ಈ ಕಡೆ ಒಂದು, ಆ ಕಡೆ ಒಂದು. ಸಕ್ರೆ ಮೂಟೆಗೆ ಕೊಂಬಿತ್ತೇನಪ್ಪಾ?"

ನಾನು ಪಂಚೆ ಇಳಿಸಿಕೊಂಡು ಹಿತ್ತಲ ತೆಂಗಿನ ಮರದ ಕಡೆ ನೋಡಿದೆ.

ಸಂಜೆ ಊಟಕ್ಕೆ ಕೂರಿಸಿದರು. ಬಿಸಿ ಮುದ್ದೆ, ಅವರೆಕಾಳು ಸಾರು. ನಾನು ಬಂದ ಕೆಲಸ ಮರೆಯಲಿಲ್ಲ. ಪಾತ್ರೆಯಲ್ಲಿ ಮುದ್ದೆ ಎರಡು. ಮನೆಯಲ್ಲಿ ಉಣ್ಣುವವರು ಮೂವರು: ನಾನು, ರುದ್ರೇಶನ ಅಪ್ಪ, ಗಂಗಮ್ಮ. ಮತ್ತೆ ಎಣಿಸಿದೆ. ಎರಡೇ.

"ನಿಮ್ದು, ಅಮ್ಮಾ?"

"ಹೊಟ್ಟೆ ಉಬ್ಬರ ಕಣಪ್ಪಾ. ಸಂಜೆ ಸೇರಲ್ಲ."

ರುದ್ರೇಶನ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಒಂಬತ್ತು ತಿಂಗ್ಳಾಯ್ತು ಆ ಉಬ್ಬರಕ್ಕೆ. ಒಪ್ಪತ್ತು ಅಂದ್ರೆ ಬೈತಾಳೆ."

ಮೂವತ್ತೊಂದು ಸುಳ್ಳು, ಅಷ್ಟು ಶಿಸ್ತು, ಅಷ್ಟು ದಾಖಲೆ. ಒಂದು ಹೊತ್ತಿನ ಊಟವನ್ನೂ ಉಳಿಸಲಾಗಲಿಲ್ಲವಲ್ಲ?

"ರುದ್ರೇಶಂಗೆ ಏನಂತ ಬರೀಲಿ?" ಎಂದೆ.

"ಅಮ್ಮ ಎರಡೊತ್ತೂ ಉಣ್ತಾರೆ, ದಪ್ಪಗಾಗವ್ರೆ ಅಂತ ಬರಿ. ನಾನು ಉಪಾಸ ಅಂತ ಗೊತ್ತಾದ್ರೆ ಆ ಹುಡ್ಗನ ಗ್ಯಾನ ಎಲ್ಲ ಇಲ್ಲೇ ಇರ್ತೈತೆ. ಅಲ್ಲಿ ಮೈಮರೆತ್ರೆ ಏನ್ ಗತಿ?" ಕೈ ಒರೆಸಿಕೊಂಡು ಮತ್ತೆ ಹೇಳಿದರು, "ಆ ಬುಕ್ಕಲ್ಲೂ ಬರ್ಕೋ. ನಾಳೆ ಅವ್ನು ಕೇಳಿದ್ರೆ ಇಬ್ರ ಮಾತೂ ಒಂದೇ ಇರ್ಬೇಕು."

"ಯಾವ ಬುಕ್ಕು?"

"ತೆಂಗಿನ ಮರದ ಬುಡದಾಗೆ ಎಲ್ಡು ಸಲ ತೆಗೆದು ನೋಡಿದ್ಯಲ್ಲ, ಅದು."

ಬರೆದುಕೊಂಡೆ. ನಂಬರ್ ಮೂವತ್ತೆರಡು. ಯಾರು: ಗಂಗಮ್ಮ. ಯಾರಿಗೆ: ಮಗನಿಗೆ. ಒಪ್ಪತ್ತು ಬಿಡಿ ಎಂದು ಬೇಡಿಕೊಂಡೆ. ಹಗಲಿನ ಊಟದ ಜೊತೆ ಒಂದು ಲೋಟ ಮಜ್ಜಿಗೆ ಹೆಚ್ಚಿಗೆ ಕುಡಿಯಲು ಒಪ್ಪಿದರು. ಅಷ್ಟೇ ನನ್ನ ಗೆಲುವು.

ಈಗ ಯಾಕೆ ಬಾಯಿ ಬಿಡುತ್ತಿದ್ದೇನೆ? ಹಡಗು ಹತ್ತಿ ಎರಡೂವರೆ ವರ್ಷವಾದ ಮೇಲೆ, ಹೋದ ವಾರ ರುದ್ರೇಶ, ಓಂಕಾರ ಇಬ್ಬರೂ ಲಂಕೆಯಿಂದ ಹಡಗಿನಲ್ಲಿ ಮದ್ರಾಸಿಗೆ ಬಂದಿಳಿದು ಊರು ಸೇರಿದರು. (ಕಡೆಗೂ ಮದ್ರಾಸು!) ನಾನು ಅಜ್ಜಂಪುರಕ್ಕೆ ಓಡಿದೆ. ಸಂಜೆ ಊಟಕ್ಕೆ ಎಣಿಸಿದೆ. ಮುದ್ದೆ ನಾಲ್ಕು, ಉಣ್ಣುವವರೂ ನಾಲ್ವರು. ರುದ್ರೇಶ ನನ್ನ ಕಿವಿಯಲ್ಲಿ, "ನೋಡ್ದಾ, ನಮ್ಮಮ್ಮಂಗೆ ಏನೇನೂ ಗೊತ್ತಾಗ್ಲಿಲ್ಲ" ಎಂದ. ಅವನು ಈ ಪತ್ರಿಕೆ ಓದುತ್ತಾನೆ. ಓದಲಿ.

ಕಡೂರಿಗೆ ಬಂದವನು ಯಾಕೋ ನನ್ನ ಹಳೆಯ ಡೈರಿ ತೆಗೆದು ಕೂತೆ. ಅವ್ವನ ಹಲ್ಲುನೋವು ಶುರುವಾದದ್ದು ನಾವು ಹಡಗು ಹತ್ತಿದ ವಾರ. ವಾಸಿಯಾದದ್ದು ನಾನು ಕುಂಟುತ್ತಾ ಮನೆಗೆ ಬಂದ ದಿನ. ಅಂದು ನನ್ನದೇ ಕೈಬರಹ: "ಅವ್ವ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡಳು. ಡಾಕ್ಟರಿಗೆ ತೋರಿಸದೆಯೇ ಗುಣವಾಯಿತಂತೆ, ಆಶ್ಚರ್ಯ."

ನಿಮ್ಮ ಮನೆಯಲ್ಲಿ ಯಾರಿಗಾದರೂ ಹಲ್ಲುನೋವಿದೆಯಾ?