ಸೊಕ್ಕಿದ ಭತ್ತ

ನಾನು ಚಿಕ್ಕವನಿದ್ದಾಗ ತೇರಗಾಂವದ ನಮ್ಮ ಗದ್ದೆಯ ಒಂದು ಮೂಲೆ ನನ್ನದಾಗಿತ್ತು. ನಾಲ್ಕು ಎಮ್ಮೆ ಮಲಗಿದರೆ ತುಂಬಿಹೋಗುವಷ್ಟು ಜಾಗ. ಬೇಸಿಗೆಯಲ್ಲಿ ತಿಪ್ಪೆಗೊಬ್ಬರ ತಂದು ರಾಶಿ ಹಾಕುತ್ತಿದ್ದುದು ಅಲ್ಲೇ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಹೊಸದಾಗಿ ಶುರುವಾಗಿದ್ದ ಕಾಲವದು. ಕಾಕಾ ಅಲ್ಲಿಗೆ ಕೆಲಸಕ್ಕೆ ಹೋದ ಮೇಲೆ ಗದ್ದೆಯಲ್ಲಿ ಕೈ ಸಾಲದಾಗಿ, ಒಂದು ಮೂಲೆಯ ಕಳೆ ತೆಗೆಯುವ ಕೆಲಸವನ್ನು ಅಪ್ಪ ನನಗೂ, ಪಕ್ಕದ ಸಾಲುಗಳನ್ನು ಅಕ್ಕನಿಗೂ ವಹಿಸಿದ್ದ. "ಚಂದ ಬೆಳಸಿದ್ರ ಬರೂ ವರ್ಷದ ಬೀಜಕ್ಕ ನಿನ್ನ ಮೂಲೀ ಭತ್ತಾನ ತಗೊಳ್ಳೂಣು" ಎಂದೂ ಹೇಳಿದ್ದ. ಇಡೀ ಗದ್ದೆಗೆ ನನ್ನ ಮೂಲೆಯ ಬೀಜ! ನನಗೆ ಅದೊಂದೇ ಆಸೆಯಾಯಿತು.

ಪ್ರತಿ ಸೋಮವಾರ ಬಿದಿರಿನ ಕೋಲು ಊರಿ ಭತ್ತದ ಎತ್ತರವನ್ನು ಇದ್ದಿಲಿನಿಂದ ಗುರುತು ಹಾಕುತ್ತಿದ್ದೆ. ಶ್ರಾವಣ ಬರುವಷ್ಟರಲ್ಲಿ ಅಕ್ಕನ ಭತ್ತ ನನ್ನ ಮೊಣಕಾಲಿಗೆ ಬಂದಿತ್ತು, ನನ್ನದು ಸೊಂಟ ಮುಟ್ಟುತ್ತಿತ್ತು. ಕಡುಹಸಿರು, ಕಪ್ಪೆನ್ನುವಷ್ಟು ಹಸಿರು. ಒಳಗೆ ಕೈ ಹಾಕಿದರೆ ತಣ್ಣಗಿರುತ್ತಿತ್ತು.

ಮಳೆ ಬಿಡುವು ಕೊಟ್ಟ ಒಂದು ಮುಂಜಾನೆ ರೊಟ್ಟಿ ತಿನ್ನುತ್ತ ಅಕ್ಕನಿಗೆ, "ನಿನ್ನ ಭತ್ತ ಕೊಯ್ದು ಎಮ್ಮಿಗೆ ಹಾಕಿಬಿಡು" ಎಂದೆ. ಒಲೆಯ ಮುಂದಿದ್ದ ಅವ್ವ ತಿರುಗಿ ನೋಡಿದಳು. "ಸೊಕ್ಕು ಬಂದೈತಿ ನಿನಗ" ಎಂದಳು. ನಾನು ಇದ್ದದ್ದನ್ನೇ ಹೇಳಿದ್ದೆನಲ್ಲ, ಇವಳಿಗೇಕೆ ಸಿಟ್ಟು ಎಂದು ತಿಳಿಯಲಿಲ್ಲ. ಅಪ್ಪನಾದರೂ ಶಾಬಾಸ್ ಅನ್ನಲಿ ಎಂದು ಅವನ ಕೈ ಹಿಡಿದು ಗದ್ದೆಗೆ ಎಳೆದುಕೊಂಡು ಹೋದೆ. ಅಕ್ಕನೂ ಹಿಂದೆಯೇ ಬಂದಳು.

ಅಪ್ಪ ನನ್ನ ಮೂಲೆಗೆ ಇಳಿದು ಒಂದು ದಂಟನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ. ಅದು ಮೆತ್ತಗೆ ಪಿಚ್ಚೆಂದಿತು.

"ಭತ್ತ ಸೊಕ್ಕೈತಿ" ಎಂದ.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಮಾಲಕರು ಹೆಂಗೋ ಭತ್ತಾನೂ ಹಂಗ!"

ನಾನು ಅಪ್ಪನ ಕಡೆ ತಿರುಗಿದೆ. "ಭತ್ತ ಯಾರಿಗೇನಂತು ಅಪ್ಪಾ? ಅದು ಸುಮ್ನ ನಿಂತೈತಿ."

"ಮದ್ಲ ಸೊಕ್ಕು ಬರೂದು ಬೆಳೀಗೇ ಮಗಾ. ಉಂಡಿದ್ದು ಹೆಚ್ಚಾತಂದ್ರ ತೆನಿ ಮರತು ಬರೇ ಎಲಿ ಬಿಡ್ತೈತಿ. ಅದನ್ನ ನೋಡಿ ಮನಶ್ಯಾರಿಗೂ ಹಂಗ ಅಂದಿರಬೇಕು."

"ಮತ್ತ ದಾಂಡೇಲಿ ಕಟಗಿ ಡಿಪೋದಾಗ ಆನೀಗೆ ಸೊಕ್ಕು ಬಂದೈತಿ, ಸರಪಳಿ ಹಾಕ್ಯಾರ, ಹತ್ರ ಹೋಗಬ್ಯಾಡ್ರಿ ಅಂತ ಕಾಕಾ ಹೇಳಿದ್ನಲ್ಲ?" ಅಕ್ಕ ಕೇಳಿದಳು. "ಆನಿ ಮದ್ಲೋ, ಭತ್ತ ಮದ್ಲೋ?"

ಅಪ್ಪ ತಲೆ ಕೆರೆದುಕೊಂಡ. "ಅದಕ್ಕೂ ಬರ್ತೈತವಾ. ಯಾವದು ಮದ್ಲೋ ಯಾರು ಕಂಡಾರ?"

ಸರಪಳಿ ಹಾಕಿದ ಆನೆ, ಸುಮ್ಮನೆ ನಿಂತ ಭತ್ತ, ರೊಟ್ಟಿ ತಿನ್ನುತ್ತಿದ್ದ ನಾನು. ಮೂವರಿಗೂ ಒಂದೇ ರೋಗ ಹೇಗೆ ಬಂತು ಎಂದು ನಾನು ಯೋಚಿಸುತ್ತಿರುವಾಗಲೇ ಅಪ್ಪ, "ಕುಡಗೋಲ ತಗೊಂಬಾ, ತಲಿ ಸವರೂಣು" ಎಂದ.

ನಾನು ಭತ್ತಕ್ಕೆ ಅಡ್ಡ ನಿಂತೆ. "ಕೊಯ್ದ್ರ ಬೀಜ?"

"ಬೀಜ ಆಮ್ಯಾಲ. ಮದ್ಲ ಅದು ನಿಂದ್ರಬೇಕಲ್ಲ. ಗಾಳಿ ಬಿಟ್ರ ಎಲ್ಲಾ ಮಲಗ್ತೈತಿ."

"ಹಿಗ್ಗಿ ಬೆಳದದ್ದು ಯಾವದು, ಸೊಕ್ಕಿ ಬೆಳದದ್ದು ಯಾವದು, ಹೆಂಗ ತಿಳೀತೈತಿ?"

"ಗಾಳಿ ಬಿಟ್ಟಾಗ."

"ಗಾಳಿ ಇನ್ನೂ ಬಿಟ್ಟಿಲ್ಲಲ್ಲ!"

ಅಪ್ಪ ಮನೆಯ ಕಡೆ ಕೈ ತೋರಿಸಿದ. ಅಕ್ಕನೇ ಹೋಗಿ ಕುಡುಗೋಲು ತಂದು ನನ್ನ ಕೈಗಿಟ್ಟಳು. ಈಗ ಅವಳು ನಗುತ್ತಿರಲಿಲ್ಲ. ಅಪ್ಪ ತೋರಿಸಿದಂತೆ ಸುಳಿಗೆ ತಾಗದ ಹಾಗೆ ಎಲೆಗಳ ತುದಿಯನ್ನಷ್ಟೇ ಸವರುತ್ತ ಹೋದೆ. ಎಲೆಯ ಅಂಚು ಮುಂಗೈಯನ್ನು ಗೀರಿತು. ಹಸಿ ವಾಸನೆ ಮೂಗಿಗೆ ಹೊಡೆಯಿತು. ಮುಗಿದಾಗ ನನ್ನ ಮೂಲೆ ಆಗಷ್ಟೇ ಕ್ಷೌರ ಮಾಡಿಸಿಕೊಂಡ ಹುಡುಗನ ತಲೆಯ ಹಾಗೆ ಕಾಣುತ್ತಿತ್ತು. ಸವರಿದ ಸೊಪ್ಪನ್ನು ಎಮ್ಮೆ ಕಣ್ಣು ಮುಚ್ಚಿ ಮೆಲ್ಲುತ್ತಿದ್ದುದನ್ನು ನೋಡಿ ನನಗೆ ಅಳು ಬಂತು.

ಆಮೇಲೆ ಗಾಳಿಯೂ ಬಂತು. ಭತ್ತ ಬೀಳಲಿಲ್ಲ. ಸವರಿದ್ದಕ್ಕೆ ನಿಂತಿತೋ, ಸವರದಿದ್ದರೂ ನಿಲ್ಲುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಸುಗ್ಗಿಯಲ್ಲಿ ಅಪ್ಪ ಗದ್ದೆಯ ನಡುವಿನಿಂದ ಬೀಜದ ತೆನೆ ಆರಿಸಿದ. ಹಾಗೆಯೇ ನನ್ನ ಮೂಲೆಗೂ ಬಂದು, ನನ್ನ ಮುಖ ನೋಡದೆ, ಅಲ್ಲಿಯದೂ ಒಂದು ಹಿಡಿ ತೆನೆ ಮುರಿದು ಅದರಲ್ಲಿ ಸೇರಿಸಿದ. ಸೊಕ್ಕಿದ್ದ ಭತ್ತ ಬೀಜಕ್ಕೆ ಹೇಗಾಯಿತು ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಮನೆಯಲ್ಲಿ ಹಾಗಿಲ್ಲ. ನೀವೊಂದು ಚಿತ್ರ ಬರೆದರೂ ಅದರ ಫೋಟೋ ಸಂಜೆಯೊಳಗೆ ಎಲ್ಲ ನೆಂಟರ ಮೊಬೈಲಿಗೆ ಹೋಗಿರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಮ್ಮ ಕಾಲದಲ್ಲಿ ಹೊಗಳಿಕೆಯನ್ನು ಮುಖ ತಿರುಗಿಸಿಕೊಂಡು ಕೊಡುತ್ತಿದ್ದರು. ಯಾವುದು ಸರಿ ಎಂದು ನನ್ನನ್ನು ಕೇಳಬೇಡಿ. ನಿನ್ನೆ ನೀವು ರಿಲೇ ಓಟದಲ್ಲಿ ಗೆದ್ದ ಬಹುಮಾನದ ಬಟ್ಟಲು ಹಿಡಿದು ಎದೆಯುಬ್ಬಿಸಿ ಬಾಗಿಲಲ್ಲಿ ನಿಂತಾಗ, ರೊಟ್ಟಿ ತಿನ್ನುವಾಗ ಅವ್ವ ನನಗಂದಿದ್ದ ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿಮ್ಮ ಮುಖ ನೋಡಿದೆ. ಹಿಗ್ಗೋ ಸೊಕ್ಕೋ ತಿಳಿಯಲಿಲ್ಲ. ಬಟ್ಟಲು ಇಸಿದುಕೊಂಡು, "ಎಷ್ಟು ಭಾರ ಐತಿ!" ಎಂದಷ್ಟೇ ಅಂದೆ.