ಬೀಗರಿಗೆ ಹೊಳೆ ತೋರಿಸಿದ್ದು

ನಾಗರಿಕತೆಗಳೆಲ್ಲ ನದಿಯ ದಡದಲ್ಲೇ ಹುಟ್ಟಿದವೆಂದು ಬಲ್ಲವರು ಹೇಳುತ್ತಾರೆ. ನಮ್ಮ ಯಾದಗಿರಿಯೂ ಭೀಮಾ ನದಿಯ ದಡದಲ್ಲೇ ಇದೆ. ಆದರೆ ನಲ್ಲಿಗೆ ನೀರು ಬಂದ ದಿನ ನಮ್ಮ ಓಣಿಯಲ್ಲಿ ಐದು ನಿಮಿಷ ನಿಂತವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಊರು ಗುಡ್ಡದ ಕೋಟೆಗೆ ಮುಖ ಮಾಡಿ, ರೈಲಿಗೆ ಕಿವಿಗೊಟ್ಟು, ಹೊಳೆಗೆ ಬೆನ್ನು ತಿರುಗಿಸಿ ಕೂತಿದೆ. ಸುತ್ತ ಕಣ್ಣು ಸೋಲುವಷ್ಟು ಎರೆಬಯಲು. ಇದರಿಂದ ನಮಗೇನೂ ಬೇಸರವಿರಲಿಲ್ಲ. ಕೃಷ್ಣೆಯ ಕಾಲುವೆ ಬಂದ ಮೇಲೆ ತೊಂದರೆ ಶುರುವಾಯಿತು. ಶಹಾಪುರ, ಸುರಪುರದ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಅಲ್ಲಿಯ ಜನ ಮಾತಿನಲ್ಲೂ ನೀರಾವರಿಯಾದರು. ರೊಟ್ಟಿ ಬಡಿಸಿದರೆ, ತಿಂದು, ‘ಊಟ ಯಾವಾಗರಿ?’ ಎಂದು ಕೇಳುವಷ್ಟು.

ಇಂಥ ಕಾಲದಲ್ಲಿ ನನ್ನ ತಮ್ಮನ ಮಗ ಶರಣು ಸುರಪುರದ ಹತ್ತಿರದ ದೇವಾಪುರದ ಹುಡುಗಿಯನ್ನು ನೋಡಿಬಂದ. ಅಂದಿನಿಂದ ಊಟದ ತಾಟಿಗೂ ನಗತೊಡಗಿದ. ಹುಡುಗಿಯ ಅಪ್ಪ ಮಲ್ಲಣ್ಣನವರು ಮನೆ ನೋಡಿ ಒಪ್ಪಬೇಕಿತ್ತು. ನಾವು ಬುದ್ಧಿವಂತರು, ನಲ್ಲಿ ಬರುವ ದಿನವೇ ಬರಹೇಳಿದೆವು. ಅವರಿಗೆ ಬಸ್ಸು ತಪ್ಪಿತು. ಮರುದಿನ ತಂಗಿ ಗಂಗಮ್ಮನೊಡನೆ ಬಂದಿಳಿದರು. ಕಾಲು ತೊಳೆಯಲು ಒಂದೇ ತಂಬಿಗೆ ಕೊಟ್ಟೆವು, ಇಬ್ಬರಿಗೂ ಸೇರಿ.

“ಊರಾಗ ನೀರಿನ ತ್ರಾಸ ಅದ ಏನ್ರಿ?” ಎಂದರು ಮಲ್ಲಣ್ಣನವರು.

“ಛೇ, ಹೊಳಿ ದಂಡಿ ಮ್ಯಾಲಿನ ಊರರಿ ನಮ್ಮದು!” ಎಂದುಬಿಟ್ಟೆ. ಅಂದ ತಪ್ಪಿಗೆ ತೋರಿಸಬೇಕಾಯಿತು. ಆಗ ಕಡುಬೇಸಿಗೆ. ಶರಣು ದಾರಿಯುದ್ದಕ್ಕೂ ನನ್ನನ್ನು ನೋಡಿದ ರೀತಿಯನ್ನು ಬರೆಯದಿರುವುದೇ ಲೇಸು.

ದಡದಲ್ಲಿ ಮಲ್ಲಣ್ಣನವರು ಬಂಡೆ, ಮರಳು, ದೂರದಲ್ಲೊಂದು ಎಮ್ಮೆ, ಎಲ್ಲವನ್ನೂ ಗಂಭೀರವಾಗಿ ನೋಡಿದರು.

“ಇದು ಹೊಳಿ ಅಲ್ರಿ ಮಾಸ್ತರ, ಹೊಳಿಗಂತ ಬಿಟ್ಟ ಜಾಗಾ. ನಮ್ಮ ಹಿತ್ತಲದಾಗ ಕಾಲುವಿ ಹರೀತದ. ಅಂಥಲ್ಲಿ ಬೆಳದ ಹುಡುಗಿನ್ನ ಇಲ್ಲಿ ಹ್ಯಾಂಗ ಕೊಡ್ಲಿ?”

ಶರಣು ಎಮ್ಮೆಯ ಕಡೆ ತಿರುಗಿ ನಿಂತ. ನಾನು ಮಳೆಗಾಲದ ಪ್ರವಾಹವನ್ನು ವರ್ಣಿಸಲು ಬಾಯಿ ತೆರೆಯುವಷ್ಟರಲ್ಲಿ ಗಂಗಮ್ಮ ಬಂಡೆಯ ಮೇಲೆ ಕೂತು, ಚಪ್ಪಲಿ ಕಳಚಿ, ಅಂಗಾಲು ನೋಡಿಕೊಂಡರು.

“ಅಣ್ಣಾ, ನೀರು ಬೇಕಾಗಿದ್ದು ನಿನ್ನ ಗದ್ದಿಗಿ. ಹುಡುಗಿ ಸಾಲಿಗೆ ಹೋಗೂದೆಲ್ಲ ಚಪ್ಪಲ್ ಕೈಯಾಗ ಹಿಡಕೊಂಡೇ ಹೋಗ್ಯಾಳ, ಮೊಣಕಾಲ್ತನಕ ರಾಡಿ. ರಾತ್ರಿಯಾದ್ರ ಸೊಳ್ಳಿ. ನಿನ್ನೆ ನನ್ನ ಕೈ ಹಿಡದು ಏನಂದಾಳ ಗೊತ್ತದ ಏನು? ‘ಅತ್ತಿ, ಹುಡುಗ ಚಂದ ಅದಾನ. ಅಲ್ಲಿ ನೆಲಾ ಒಣಗಿರ್ತದೋ ಇಲ್ಲೋ, ಅಷ್ಟು ನೋಡ್ಕೊಂಡು ಬಾ’ ಅಂದಾಳ.”

ಮಲ್ಲಣ್ಣನವರು ಮತ್ತೊಮ್ಮೆ ಭೀಮೆಯನ್ನು ಈ ದಡದಿಂದ ಆ ದಡದವರೆಗೆ ಪರಿಶೀಲಿಸಿದರು.

“ಅದಕ್ಕೇನು ಕಮ್ಮಿ ಇಲ್ಲ ಬಿಡು,” ಎಂದರು.

ಮುಂಗಾರಿಗೆ ಮೊದಲೇ ಮದುವೆಯಾಯಿತು.