ಗಾಳೆಮ್ಮ ಕಾದ ಒಪ್ಪಿಗೆ

ಕುಷ್ಟಗಿ ಕಡೆ ಬೀಜದ ಟೊಮೆಟೊ ಬೆಳೆಯುವವರಿಗೆಲ್ಲ ಗಾಳೆಮ್ಮ ಗೊತ್ತು. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಅವಳು ನಮ್ಮ ಮಾವ ಹಂಪಣ್ಣನವರ ಬಲೆ ಹೊದಿಸಿದ ನೆಟ್ ಹೌಸಿಗೆ ಕ್ರಾಸಿಂಗ್ ಕೆಲಸಕ್ಕೆ ಬರುತ್ತಿದ್ದಳು. ಸಂಜೆ ಮೊಗ್ಗು ಬಿಡಿಸಿ ಅದರ ಗಂಡು ಭಾಗ ಕಿತ್ತುಹಾಕುವುದು, ಮರುದಿನ ಬೆಳಿಗ್ಗೆ ಬೇರೆ ಜಾತಿಯ ಗಿಡದ ಹೂವಿನ ಪುಡಿ ಮುಟ್ಟಿಸುವುದು, ಮುಟ್ಟಿಸಿದ ಗುರುತಿಗೆ ಹೂವಿನ ತೊಟ್ಟಿನಲ್ಲಿರುವ ಹಸಿರು ಎಸಳು ಎರಡನ್ನು ಚಿವುಟುವುದು, ಇಷ್ಟೇ ಕ್ರಾಸಿಂಗ್. ಹಾಗೆ ಚಿವುಟಿದ ಕಾಯಿಯ ಬೀಜ ಮಾತ್ರ ಸಸಿ ಕೊಟ್ಟ ಕಂಪನಿಗೆ ಹೋಗುತ್ತದೆ.

ಕೈಚಳಕದಲ್ಲಿ ಗಾಳೆಮ್ಮ ಅಂಥವಳೇನಲ್ಲ. ಅವಳಿಗಿಂತ ಚುರುಕಾದ ಹುಡುಗಿಯರು ಗುಂಪಿನಲ್ಲೇ ಇದ್ದರು. ಅವಳ ಬಂಡವಾಳ ಅವಳ ಮಾತು. ಅವಳು ಬರ್ರಿ ಎಂದರೆ ಓಣಿಯ ಹೆಂಗಸರು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಕೂಲಿ ಎಷ್ಟು, ಕೆಲಸ ಎಲ್ಲಿಯವರೆಗೆ ಎಂದು ಯಾರೂ ಮಾಲೀಕರನ್ನು ಕೇಳುತ್ತಿರಲಿಲ್ಲ. ಗಾಳೆಮ್ಮ ಕೇಳಿದ್ದಾಳೆಂದರೆ ಮುಗಿಯಿತು. ನನ್ನ ಮಾತಿಗೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೇ ಏಳುವುದಿಲ್ಲ, ಹಾಗಾಗಿ ಅವಳನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಕಳೆದ ವರ್ಷ ದೀಪಾವಳಿ ಮುಗಿದು ಗಿಡದ ತುಂಬ ಹೂವಿದ್ದಾಗ ಕಂಪನಿಯ ರವಿಕುಮಾರ ಕೊಪ್ಪಳದಿಂದ ಬೈಕಿನಲ್ಲಿ ಬಂದು, ಕ್ರಾಸಿಂಗ್ ನಿಲ್ಲಿಸಬೇಕು ಎಂದ. ಕಂಪನಿ ಹಾಲೆಂಡಿನದು. ಅದಕ್ಕೊಂದು ಮಾತೃಸಂಸ್ಥೆ, ಅದು ಇರುವುದು ಸಿಂಗಾಪುರದಲ್ಲಿ. ಆ ತಾಯಿಯನ್ನು ಈಗ ಇನ್ಯಾರೋ ಕೊಂಡಿದ್ದಾರೆ. ಕೊಂಡವರು ನಮ್ಮ ದೇಶದ ಗಡಿಗೆ ಹೊಂದಿದ ದೇಶದವರಂತೆ. ಗಡಿಯ ದೇಶದವರ ಕೈಗೆ ಇಲ್ಲಿನ ಕಂಪನಿ ಹೋಗಬೇಕಾದರೆ ಮೊದಲು ದಿಲ್ಲಿಯ ಒಪ್ಪಿಗೆ ಬೇಕು. ಅದು ಬರುವ ತನಕ ಹಣ ಬರುವುದಿಲ್ಲ. ಯಾವಾಗ ಬರುತ್ತದೆ ಎಂದರೆ, ನಾಳೆಯೂ ಬರಬಹುದು, ಮುಂದಿನ ವರ್ಷವೂ ಬರಬಹುದು ಎಂದ. ಬಿ.ಕಾಂ. ಓದಿದವಳೆಂದು ಎಲ್ಲರೂ ನನ್ನ ಮುಖ ನೋಡಿದರು. ನನಗೂ ತಲೆಬುಡ ತಿಳಿದಿರಲಿಲ್ಲ, ಆದರೂ ತಿಳಿದವಳಂತೆ ತಲೆಯಾಡಿಸಿದೆ.

ಅದೇ ದಿನ ಯಲಬುರ್ಗಾ ಕಡೆಯಿಂದ ಮೆಣಸಿನಕಾಯಿ ಕ್ರಾಸಿಂಗಿಗೆ ಕರೆಯಲು ಜೀಪು ಬಂದಿತ್ತು. ಆಳು ಸಿಗದೆ ಅವರಿಗೆ ಅವಸರ. ಈಗ ಹತ್ತಿದರೆ ಚಳಿಗಾಲವೆಲ್ಲ ಕೆಲಸ, ಇಲ್ಲದಿದ್ದರೆ ಮುಂದಿನ ಊರಿನ ಗುಂಪನ್ನು ಒಯ್ಯುತ್ತಾರೆ. ಹೆಂಗಸರು ಗಾಳೆಮ್ಮನ ಸುತ್ತ ನಿಂತರು. ಹೋಗುವುದೋ ಇರುವುದೋ, ಅವಳು ಹೇಳಬೇಕು.

ಗಾಳೆಮ್ಮ ತನಗೆ ತಿಳಿದ ನ್ಯಾಯದಿಂದಲೇ ಯೋಚಿಸಿದಳು. ನಮ್ಮ ಕಡೆ ಹೊಲ ಮಾರುವವರು ಬದುವಿಗೆ ಹೊಂದಿದವನನ್ನು ಮೊದಲು ಕೇಳಬೇಕು. ಅವನು ಒಲ್ಲೆ ಎಂದ ಮೇಲೆಯೇ ಹೊರಗಿನವರಿಗೆ ಕೊಡುವುದು. ಕೇಳದೆ ಮಾರಿದರೆ ತಕರಾರು ಏಳುತ್ತದೆ, ಹಿರಿಯರು ಕೂತು ಚಹಾ ಕುಡಿಯುವುದರೊಳಗೆ ಬಗೆಹರಿಯುತ್ತದೆ. ಇದೂ ಅಂಥದ್ದೇ ಎಂದುಕೊಂಡಳು.

ಇಲ್ಲಿ ಕೊಂಡವನೇ ಬದುವಿನವನು, ಅದೇ ತೊಡಕಾಗಿದೆ ಎಂದು ನಾನು ತಿದ್ದಿದೆ. ಅವಳು ನನ್ನನ್ನೇ ನೋಡಿದಳು.

"ಬದುವಿನವನ ತಗೊಂಡ್ರ ಛಲೋನ ಆತಲ್ರೀ ಅಕ್ಕಾರ. ಮತ್ತ ತಕರಾರು ಯಾರದು?"

ಸರ್ಕಾರದ್ದು ಎಂದೆ. ಸರ್ಕಾರ ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ, ಅದಕ್ಕೇನು ಕೆಲಸ ಎಂದಳು. ಬದುವಿನವರ ಮೇಲೆ ನಂಬಿಕೆಯಿಲ್ಲದಿದ್ದರೆ ಹೀಗೆ ಎಂದೆ. ನಂಬಿಕೆಯಿಲ್ಲದವನ ಸಾಮಾನು ಪ್ಯಾಟಿಯಲ್ಲಿ ಯಾಕೆ ಮಾರುತ್ತಾರೆ, ತನ್ನ ಮಗನ ಮೊಬೈಲೂ ಅವರದೇ ಅಂತಲ್ಲ ಎಂದಳು. ಅಲ್ಲಿಗೆ ನನ್ನ ಬಿ.ಕಾಂ. ಮುಗಿಯಿತು.

ಜೀಪಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಗಾಳೆಮ್ಮ ಹೆಂಗಸರ ಕಡೆ ತಿರುಗಿ, ಬದುವಿನವನು ಕೊಂಡ ಮೇಲೆ ಇದು ಭಾಳ ದಿನ ನಿಲ್ಲುವ ಜಗಳವಲ್ಲ, ಹೂವು ಮಾತ್ರ ನಿಲ್ಲುವುದಿಲ್ಲ, ಇಲ್ಲೇ ಇರೋಣ ಎಂದಳು. ಜೀಪು ಖಾಲಿ ಹೋಯಿತು. ಮಾವನವರಿಗೂ ಅರಳಿದ ಹೂವು ಉದುರುವುದನ್ನು ನೋಡಲಾಗದು. ಕೂಲಿ ತಾವೇ ಕೊಡುತ್ತೇವೆಂದರು, ಕೊಟ್ಟರು ಕೂಡ. ಕ್ರಾಸಿಂಗ್ ನಡೆಯಿತು. ಕಾಯಿ ಕಚ್ಚಿದವು. ಗಾಳೆಮ್ಮ ದಿನಾ ಬೆಳಿಗ್ಗೆ ಒಳಗೆ ಬರುವ ಮುಂಚೆ ನನ್ನನ್ನು ಕೇಳುತ್ತಿದ್ದಳು, ದಿಲ್ಲಿಯವರು ಕೂತರೇ ಎಂದು. ನಾನು ಮೊಬೈಲ್ ತೆಗೆದು ನೋಡುತ್ತಿದ್ದೆ. ಅದರಲ್ಲಿ ಬಂಡವಾಳ, ನಿಯಮ, ತಿದ್ದುಪಡಿ ಎಲ್ಲ ಇರುತ್ತಿತ್ತು, ನಮ್ಮ ಟೊಮೆಟೊ ಇರುತ್ತಿರಲಿಲ್ಲ.

ಕಾಯಿ ಇನ್ನೂ ಹಸಿರಿರುವಾಗಲೇ ರವಿಕುಮಾರ ಮತ್ತೆ ಬಂದ. ಈ ಹಂಗಾಮಿಗೆ ಕಂಪನಿ ಬೀಜ ಕೊಳ್ಳುವುದಿಲ್ಲ. ಗಿಡದ ತಳಿ ಮಾತ್ರ ಕಂಪನಿಯದೇ, ಬೇರೆಯವರ ಕೈಗೆ ಸಿಗಬಾರದು, ಒಂದೂ ಬಿಡದೆ ಕಿತ್ತು ಸುಡಬೇಕು ಎಂದ. ಯಾವ ಕಂಪನಿಯದು, ಹಳೆಯವರದೋ ಹೊಸಬರದೋ ಎಂದು ಮಾವನವರು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ತನಗೆ ಸಂಬಳ ಕೊಡುವವರು ಯಾರೆಂಬುದೇ ಈಗ ಗೊತ್ತಿಲ್ಲ ಎಂದ. ನನಗೆ ಅವನ ಕಪಾಳಕ್ಕೆ ಹೊಡೆಯುವಷ್ಟು ಸಿಟ್ಟು ಬಂದಿತ್ತು, ಆದರೆ ಅವನ ಮುಖವೂ ನಮ್ಮದರಂತೆಯೇ ಬಾಡಿತ್ತು.

ಮುಟ್ಟಿಸಿ ಬೆಳೆಸಿದ ಕೈಗಳೇ ಕಿತ್ತವು. ಎಸಳು ಚಿವುಟಿದ ಕಾಯಿಗಳು ರಾಶಿ ಬಿದ್ದವು. ಕೊನೆಗೆ ಗಾಳೆಮ್ಮನ ನೆಗೆಣ್ಣಿ ಸಣ್ಣವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

"ಯಕ್ಕಾ, ನಿನ್ನ ಮಾತು ನಂಬಿ ಜೀಪ್ ಬಿಟ್ವಿ. ಇನ್ನ ಮ್ಯಾಲೆ ಕೆಲಸ ನಾ ಕೇಳಕೊಂಡ್ ಬರ್ತೀನಿ."

ಗಾಳೆಮ್ಮ ಹೂಂ ಎಂದಳು, ಅಷ್ಟೆ. ಆ ಚಳಿಗಾಲ ಅವರಿಗೆ ಕಡಲೆ ಕೀಳುವ ಕೆಲಸ ಸಿಕ್ಕಿತು, ಅದೂ ಅಲ್ಲೊಂದು ದಿನ ಇಲ್ಲೊಂದು ದಿನ. ಗಾಳೆಮ್ಮನ ಮನೆಗೆ ಬೆಂಕಿ ಕೇಳಲೂ ಯಾರೂ ಹೋಗುತ್ತಿರಲಿಲ್ಲವೆಂದು ಕೇಳಿದೆ. ಅವಳು ಸುಳ್ಳು ಹೇಳಿದ್ದಳೇ? ಇಲ್ಲ. ಆಸೆಗೆ ಬಿದ್ದಿದ್ದಳೇ? ಅದೂ ಇಲ್ಲ. ಹಾಗಾದರೆ ತಪ್ಪು ಯಾರದು ಎಂದು ಎಷ್ಟು ಹೊರಳಾಡಿ ಯೋಚಿಸಿದರೂ ನನಗೆ ಈಗಲೂ ಹೊಳೆಯುವುದಿಲ್ಲ.

ಈ ವರ್ಷ ಬೇರೊಂದು ಕಂಪನಿ ಸಸಿ ಕೊಟ್ಟಿದೆ. ಅದು ನಮ್ಮ ದೇಶದ್ದೇ ಅಂತೆ, ಕಾಗದದ ಮೇಲಂತೂ ಹಾಗಿದೆ. ಮೊದಲ ದಿನ ಸಣ್ಣವ್ವ ಮುಂದೆ ಬಂದಳು, ಕೂಲಿ ಮಾತಾಡಿದಳು, ಹೆಂಗಸರು ಅವಳ ಹಿಂದೆ ಒಳಗೆ ಹೋದರು. ಗಾಳೆಮ್ಮ ಎಲ್ಲರಿಗಿಂತ ಕೊನೆಗೆ ಬಂದು ಬಾಗಿಲಲ್ಲಿ ನಿಂತಳು. ಆ ದಿಲ್ಲಿಯ ಒಪ್ಪಿಗೆ ಏನಾಯಿತು ಎಂದು ಕೇಳಿದಳು. ಬಂದಿತೋ ಇಲ್ಲವೋ ನನಗೆ ತಿಳಿಯದು ಎಂದೆ.

"ಬಂದ್ರ ಸಣ್ಣವ್ವಗ ಹೇಳ್ರಿ ಅಕ್ಕಾರ," ಎಂದಳು. "ನಾ ಹೇಳಿದ್ರ ಈಗ ಯಾರೂ ನಂಬಂಗಿಲ್ಲ."